ರಿಟರ್ನ್ ಮರೆತ ಫಂಕ್ಷನ್

ನಮ್ಮದೊಂದು ಹಳೇ ಸಿ++ ಪ್ರೋಗ್ರಾಂ. ದಿನಾ ರಾತ್ರಿ ಮೀಟರ್ ರೀಡಿಂಗ್ ಫೈಲ್‌ಗಳನ್ನು ಓದಿ ಲೆಕ್ಕ ಕೂಡುವುದು ಅದರ ಕೆಲಸ. 2024ರ ಜೂನ್‌ಗೆ ಸರ್ವರ್‌ನಲ್ಲಿದ್ದ ಲಿನಕ್ಸ್ ಆವೃತ್ತಿ ಸೆಂಟ್‌ಓಎಸ್ 7ರ ಬೆಂಬಲ ಮುಗಿಯುತ್ತಿತ್ತಲ್ಲ, ಸರ್ವರ್ ಬದಲಿಸಿದೆವು. ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲರೂ ಬದಲಾಯಿತು: ಜಿಸಿಸಿ 4.8 ಹೋಗಿ ಜಿಸಿಸಿ 8 ಬಂತು. ಕಂಪೈಲ್ ಏನೋ ಸಲೀಸಾಗಿ ಆಯಿತು. ಆದರೆ ಮೂರು ರಾತ್ರಿ ಚೆನ್ನಾಗಿ ಓಡಿದ ಪ್ರೋಗ್ರಾಂ ನಾಲ್ಕನೇ ರಾತ್ರಿ ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿಗೆ ಕೈಹಾಕಿದ ತಪ್ಪು) ಆಗಿ ಬಿದ್ದಿತು. ಮತ್ತೆ ಒಂದು ವಾರ ಸುಮ್ನಿತ್ತು, ಮತ್ತೆ ಬಿತ್ತು.

ಮೊದಲು ಬೈದದ್ದು ಕಂಪೈಲರನ್ನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬಿದ್ದ ರಾತ್ರಿಯ ಫೈಲನ್ನೇ ಆಪ್ಟಿಮೈಸೇಶನ್ (ಕೋಡ್ ವೇಗವಾಗಲೆಂದು ಕಂಪೈಲರ್ ಮಾಡುವ ತಿದ್ದುಪಡಿ) ಇಲ್ಲದ ಬಿಲ್ಡ್‌ಗೆ ಕೊಟ್ಟರೆ ತಕರಾರಿಲ್ಲದೆ ಮುಗಿಯುತ್ತಿತ್ತು. ಆಪ್ಟಿಮೈಸೇಶನ್‌ನ ಓ2 ಮಟ್ಟ ಹಾಕಿದರೆ ಮಾತ್ರ ಸಾಯುತ್ತಿತ್ತು.

ಬಿದ್ದ ಕ್ಷಣದ ಮೆಮೊರಿ ಉಳಿಸಿಟ್ಟ ಕೋರ್ ಫೈಲನ್ನು ಜಿಡಿಬಿ ಅನ್ನುವ ಡೀಬಗರ್‌ನಲ್ಲಿ ತೆರೆದಾಗ ತಲೆ ಗಿರ್ರೆಂದಿತು. ಕ್ರ್ಯಾಶ್ ಆದದ್ದು ರಿಪೋರ್ಟ್ ಬರೆಯುವ ಫಂಕ್ಷನ್‌ನಲ್ಲಿ. ಅದನ್ನು ಆ ಹೊತ್ತಿನಲ್ಲಿ ಯಾರೂ ಕರೆದೇ ಇರಲಿಲ್ಲ. ಕಂಪೈಲರ್ ಹೊರಡಿಸಿದ ಯಂತ್ರದ ಸೂಚನೆಗಳನ್ನು, ಅಂದರೆ ಅಸೆಂಬ್ಲಿಯನ್ನು, ನೋಡಿದೆ. ರಿಪೋರ್ಟ್ ಫಂಕ್ಷನ್‌ಗಿಂತ ಮೇಲೆ ಕೂತಿದ್ದ ಫಂಕ್ಷನ್, ಫೈಲ್‌ನ ಪ್ರತಿ ಸಾಲಿನ ತಾರೀಖು ಸರಿಯಿದೆಯಾ ಅಂತ ನೋಡಿ ಬೂಲ್ (ಟ್ರೂ ಇಲ್ಲವೇ ಫಾಲ್ಸ್) ಕೊಡಬೇಕು. ತಾರೀಖು ಕೆಟ್ಟಿದ್ದರೆ ಎಫ್‌ಪ್ರಿಂಟ್‌ಎಫ್ ಅನ್ನುವ ಬರೆಯುವ ಫಂಕ್ಷನ್‌ನಿಂದ ಲಾಗ್ ಬರೆಯುತ್ತದೆ, ಅಷ್ಟೇ. ಆ ದಾರಿಯಲ್ಲಿ ರಿಟರ್ನ್, ಅಂದರೆ ಉತ್ತರ ಕೊಟ್ಟು ವಾಪಸ್ ಹೋಗು ಅನ್ನುವ ಸಾಲು, ಬರೆದೇ ಇರಲಿಲ್ಲ.

ಸಿ++ನಲ್ಲಿ ಹೀಗೆ ಬಿಟ್ಟರೆ ಏನು ಬೇಕಾದರೂ ಆಗಬಹುದು. ಜಿಸಿಸಿ 8 ಓ2ನಲ್ಲಿ 'ಇಲ್ಲಿಗೆ ಯಾರೂ ಬರುವುದೇ ಇಲ್ಲ' ಅಂದುಕೊಂಡು ವಾಪಸ್ ಹೋಗುವ ಇನ್‌ಸ್ಟ್ರಕ್ಷನ್ನನ್ನೇ ಹಾಕುವುದಿಲ್ಲ. ಪ್ರೋಗ್ರಾಂ ಸೀದಾ ಪಕ್ಕದ ಫಂಕ್ಷನ್‌ಗೆ ನುಗ್ಗುತ್ತದೆ. ಕೆಟ್ಟ ತಾರೀಖು ಬಂದ ರಾತ್ರಿ ಮಾತ್ರ ಬೀಳುತ್ತಿದ್ದದ್ದು ಅದಕ್ಕೇ.

ನಾಚಿಕೆಯ ವಿಷಯ ಅಂದರೆ, ಜಿಸಿಸಿ 8 ಇದಕ್ಕೆ ತಾನಾಗಿಯೇ ವಾರ್ನಿಂಗ್ ಕೊಡುತ್ತದೆ. ಕಂಪೈಲ್ ಹೇಗೆ ಮಾಡಬೇಕೆಂದು ಬರೆದಿಟ್ಟ ನಮ್ಮ ಮೇಕ್‌ಫೈಲ್‌ನಲ್ಲಿ ಯಾರೋ ಎಲ್ಲ ವಾರ್ನಿಂಗ್‌ಗಳ ಬಾಯಿ ಮುಚ್ಚಿಸಿದ್ದರು. ಯಾರೋ ಏನು, ನಾನೇ ಇರಬೇಕು. ಅದನ್ನು ತೆಗೆದು ರಿಟರ್ನ್-ಟೈಪ್ ವಾರ್ನಿಂಗನ್ನು ಎರರ್ ಮಾಡಿದೆ. ಇಂಥವೇ ಇನ್ನೂ ನಾಲ್ಕು ಸಿಕ್ಕವು.

ಇನ್ನು ತಾರೀಖಿನ ಫಂಕ್ಷನ್‌ನಲ್ಲಿ ರಿಟರ್ನ್ ಫಾಲ್ಸ್ ಅಂತ ಬರೆದರೆ ಮುಗಿಯಿತು, ಅಲ್ವಾ? ಹಾಗಂದುಕೊಂಡೇ ಬರೆದೆ. ಮರುದಿನ ಒಟ್ಟು ಮೊತ್ತ ಕಡಿಮೆ ಬಂತು. ಹಳೇ ಬಿಲ್ಡ್‌ನಲ್ಲಿ ಎಫ್‌ಪ್ರಿಂಟ್‌ಎಫ್ ವಾಪಸ್ ಕೊಟ್ಟ ಅಕ್ಷರಗಳ ಎಣಿಕೆ, ಫಂಕ್ಷನ್‌ಗಳು ಉತ್ತರ ಇಡುವ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್‌ನೊಳಗಿನ ಪುಟ್ಟ ಜಾಗ) ಹಾಗೇ ಉಳಿದುಬಿಡುತ್ತಿತ್ತು. ಸೊನ್ನೆಯಲ್ಲವಲ್ಲ, ಹಾಗಾಗಿ ಅದೇ ಟ್ರೂ! ಕೆಟ್ಟ ಸಾಲುಗಳೆಲ್ಲ ಇಷ್ಟು ವರ್ಷ ಲೆಕ್ಕಕ್ಕೆ ಸೇರಿದ್ದವು. ಕ್ರ್ಯಾಶ್ ಸರಿಮಾಡಲು ಎರಡು ದಿನ ಹಿಡಿದಿತ್ತು. ಇದನ್ನು ಬಿಲ್ಲಿಂಗ್‌ನವರಿಗೆ ಬಿಡಿಸಿ ಹೇಳಲು ಎರಡು ವಾರ ಬೇಕಾಯಿತು.