ಅಜ್ಜನ ಎಚ್‌ಎಂಟಿಗೆ ಬೆಲೆ ಇದೆಯೇ? ನೋಡುವುದು ಹೀಗೆ

ಬೀರುವಿನ ಮೂಲೆಯ ತಗಡಿನ ಡಬ್ಬಿಯಲ್ಲಿ, ಹಳೆಯ ರೇಷನ್ ಕಾರ್ಡು ಮತ್ತು ತುಕ್ಕು ಹಿಡಿದ ಪಿನ್ನುಗಳ ನಡುವೆ ಒಂದು ಎಚ್‌ಎಂಟಿ ಕೈಗಡಿಯಾರ ಸಿಕ್ಕಿತೆನ್ನಿ. ಎರಡು ಸುತ್ತು ಕೀಲಿ ಕೊಟ್ಟರೆ ಓಡುತ್ತದೆ. ಆಗ ಬಹುತೇಕ ಎಲ್ಲರಿಗೂ ಹೊಳೆಯುವುದು ಒಂದೇ: ಗಾಜು ಗೀರಿದೆ, ಡಯಲ್ ಮಾಸಿದೆ, ಅಂಗಡಿಗೆ ಕೊಟ್ಟು ಹೊಸದರಂತೆ ಮಾಡಿಸಿಬಿಡೋಣ. ಮೊದಲ ಹೆಜ್ಜೆ, ಹಾಗೆ ಮಾಡಿಸದಿರುವುದು.

ನಾನು ಮಾಡಿಸಿದ್ದೆ. ಸೋದರಮಾವನದು ಎಚ್‌ಎಂಟಿಯ 'ಜನತಾ' ಮಾದರಿ, ಅದರ ಡಯಲ್ ಕೆನೆಬಣ್ಣಕ್ಕೆ ತಿರುಗಿತ್ತು. ರಿಪೇರಿ ಅಂಗಡಿಯಿಂದ ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗಾಗಿ ಬಂತು. ಮಾವನಿಗೆ ಖುಷಿಯೋ ಖುಷಿ. ಹಳೆಯ ಗಡಿಯಾರ ಕೂಡಿಡುವ ಗೆಳೆಯನೊಬ್ಬ ಅದನ್ನು ಒಮ್ಮೆ ಬೆಳಕಿಗೆ ಹಿಡಿದು ವಾಪಸ್ ಕೊಟ್ಟ. "ಯಂತ್ರ ಚೆನ್ನಾಗಿದೆ, ಮುಖ ಹೋಗಿದೆ" ಎಂದ. ಸಂಗ್ರಾಹಕರು ದುಡ್ಡು ಕೊಡುವುದು ಹೊಳಪಿಗಲ್ಲ, ಯಾರೂ ಕೈ ಹಾಕದೆ ಉಳಿದದ್ದಕ್ಕೆ. ಅದು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ಹಾಗಾಗಿ ಎರಡನೆಯ ಹೆಜ್ಜೆಗೇ ಹೆಚ್ಚು ಹೊತ್ತು ಕೊಡಿ: ಡಯಲ್ ಓದುವುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಮೊಬೈಲ್ ಕ್ಯಾಮೆರಾ ಕೂಡ ತಕ್ಕಮಟ್ಟಿಗೆ ಸಾಕು. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಚೂಪಾಗಿರುತ್ತದೆ. ಮರುಬಣ್ಣ ಕಂಡ ಡಯಲ್‌ನಲ್ಲಿ ಒದ್ದೆ ಕಾಗದದ ಮೇಲೆ ಬರೆದಂತೆ ಶಾಯಿ ಸ್ವಲ್ಪ ಹರಡಿರುತ್ತದೆ. ನಿಮಿಷದ ಗೀಟುಗಳನ್ನು ಎಣಿಸುತ್ತ ಹೋಗಿ, ಅವು ಗಂಟೆಯ ಗುರುತಿನ ನಡುಮಧ್ಯಕ್ಕೆ ಬರುತ್ತವೆಯೇ ನೋಡಿ. ಅಂಟಿಸಿದ ಲೋಹದ ಗುರುತುಗಳ ಬುಡದಲ್ಲಿ ಬಣ್ಣ ಮೆತ್ತಿಕೊಂಡಿದ್ದರೆ ಅನುಮಾನವೇ ಬೇಡ. ಕತ್ತಲಲ್ಲಿ ಹೊಳೆಯುವ ಲೇಪವಿದ್ದರೆ, ಮುಳ್ಳುಗಳ ಮೇಲಿನ ಲೇಪಕ್ಕೂ ಡಯಲ್ ಮೇಲಿನದಕ್ಕೂ ಒಂದೇ ವಯಸ್ಸಾಗಿರಬೇಕು. ಡಯಲ್ ಕಂದಾಗಿ ಮುಳ್ಳು ಮಾತ್ರ ಹಾಲಿನಂತಿದ್ದರೆ ಆ ಮುಳ್ಳು ಬೇರೆ ಕಡೆಯಿಂದ ಬಂದದ್ದು, ಇಲ್ಲವೇ ಅದಕ್ಕೆ ಹೊಸದಾಗಿ ಲೇಪ ಹಚ್ಚಿದ್ದಾರೆ.

ಗಿಳಿಹಸಿರು, ಕಿತ್ತಳೆ ಬಣ್ಣದ ಡಯಲ್‌ನಲ್ಲಿ 'ಪೈಲಟ್' ಎಂದೋ 'ಜವಾನ್' ಎಂದೋ ಎಚ್‌ಎಂಟಿಯ ಹಳೆಯ ಮಾದರಿಗಳ ಹೆಸರು ಬರೆದು ಆನ್‌ಲೈನ್‌ನಲ್ಲಿ ಮಾರುವುದನ್ನು ನೀವೂ ಕಂಡಿರಬಹುದು. ನಾಲ್ಕಾರು ಸತ್ತ ಗಡಿಯಾರಗಳ ಬಿಡಿಭಾಗ ಕೂಡಿಸಿ ಬಣ್ಣ ಬಳಿದ ಇಂಥವನ್ನು ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎಂದು ಹಾಸ್ಯ ಮಾಡುತ್ತಾರೆ. ಕೈಗೆ ಕಟ್ಟಿಕೊಳ್ಳಲು ಅಡ್ಡಿಯಿಲ್ಲ, ಹಳೆಯದೆಂದು ಕೊಳ್ಳಬೇಡಿ.

ಮೂರನೆಯದು ಹೊರಕವಚ. ಪಟ್ಟಿ ಸಿಕ್ಕಿಸುವ ಕಿವಿಗಳ ಅಂಚು ನೋಡಿ. ಸ್ಟೀಲಿನದಾದರೆ ಅಂಚು ಬೆರಳಿಗೆ ತಾಕಬೇಕು. ಮೇಲಿಂದ ಮೇಲೆ ಪಾಲಿಶ್ ಕಂಡದ್ದು ಚೀಪಿದ ಪೆಪ್ಪರಮಿಂಟಿನಂತೆ ನುಣುಪಾಗಿರುತ್ತದೆ. ಲೇಪ ಹಾಕಿದ ಕವಚವಾದರೆ ಪಾಲಿಶ್ ಮಾಡಿಸಿದಷ್ಟೂ ಒಳಗಿನ ಹಿತ್ತಾಳೆ ಇಣುಕುತ್ತದೆ.

ಆಮೇಲೆ ಯಂತ್ರ. ಮನೆಯಲ್ಲಿ ಚಾಕು ತೂರಿಸಿ ಹಿಂಬದಿ ಎಬ್ಬಿಸಬೇಡಿ, ಕೈಕೆಲಸ ಬಲ್ಲವರ ಎದುರು ಕುಳಿತು ತೆಗೆಸಿ. ಜನತಾದ ಯಂತ್ರ ಹದಿನೇಳು ಹರಳಿನದು (ಅಚ್ಚು ಸವೆಯದಂತೆ ಒಳಗೆ ಕೂರಿಸಿದ ಪುಟ್ಟ ಕಲ್ಲುಗಳು), ಗಂಟೆಗೆ 18,000 ಮಿಡಿತ. ಅಂದರೆ ಸೆಕೆಂಡಿಗೆ ಐದು. ಕಿವಿಗೆ ಹಿಡಿದರೆ ಒಂದೇ ಲಯ ಕೇಳಬೇಕು. ಕುಂಟಿದಂತೆ ಕೇಳಿದರೆ ಎಣ್ಣೆ ಒಣಗಿರಬಹುದು. ಹಾಗಿದ್ದಾಗ ದಿನವೂ ಓಡಿಸಿದರೆ ಚಕ್ರಗಳ ಅಚ್ಚು ಸವೆಯುತ್ತದೆ. ಸರ್ವೀಸ್ ಮಾಡಿಸಿದರೆ ಬೆಲೆ ಕುಗ್ಗುವುದಿಲ್ಲ. ಬದಲಿಸಿದ ಭಾಗವನ್ನು ಮಾತ್ರ, ಅದು ತುಕ್ಕು ಹಿಡಿದ ಮುಳ್ಳೇ ಆಗಿರಲಿ, ಕೇಳಿ ಪಡೆದು ಪೊಟ್ಟಣ ಕಟ್ಟಿಡಿ.

ಇನ್ನು ಅಪರೂಪದ ಲೆಕ್ಕ. ಇಲ್ಲಿಯೇ ಅನೇಕರಿಗೆ ನಿರಾಶೆಯಾಗುವುದು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಮೇಷ್ಟರು, ಗುಮಾಸ್ತರು, ಮದುಮಗ ಎಲ್ಲರ ಕೈಗೂ ಏರಿತು. ಜನತಾ ಲಕ್ಷಗಟ್ಟಲೆ ಇವೆ. ಆದ್ದರಿಂದ ಅದಕ್ಕೆ ಬೆಲೆ ಬರಬೇಕಾದರೆ ಸ್ಥಿತಿ ಅಚ್ಚುಕಟ್ಟಾಗಿರಬೇಕು. ಡಯಲ್ ಮೇಲೆ ಎಚ್‌ಎಂಟಿ ಜೊತೆಗೆ ಸಿಟಿಜನ್ ಹೆಸರೂ ಇರುವ ಮೊದಲ ದಿನಗಳವು, ದೃಷ್ಟಿಹೀನರು ಮುಟ್ಟಿ ಓದುವ ಬ್ರೈಲ್ ಗಡಿಯಾರ, ದೇವನಾಗರಿ ಅಂಕಿಯವು, ಇವುಗಳನ್ನು ಹುಡುಕಿಕೊಂಡು ಬರುವವರಿದ್ದಾರೆ. ತಾನೇ ಕೀಲಿ ಏರಿಸಿಕೊಳ್ಳುವ ಕಾಂಚನ್‌ನ ಕಥೆ ಬೇರೆ. ಅಳಿಯನಿಗೆ ಅದೇ ಬೇಕೆಂದು ಮಾವಂದಿರು ಪರದಾಡಿದ ಕಾಲವಿತ್ತು; ಇಂದು ಅದನ್ನು ಕೊಳ್ಳುವವರಲ್ಲಿ ಅರ್ಧ ಜನ ಕೊಳ್ಳುವುದು ಆ ನೆನಪನ್ನೇ ಎಂದು ನನ್ನ ಗುಮಾನಿ. ಎಂಬತ್ತರ ದಶಕದಲ್ಲಿ ಹೊಸೂರಿನಿಂದ ಬ್ಯಾಟರಿಯಲ್ಲಿ ಓಡುವ ಟೈಟನ್‌ನ ಕ್ವಾರ್ಟ್ಜ್ ಗಡಿಯಾರ ಬಂತು, ಕೀಲಿ ಕೊಡುವುದು ಹಳಬರ ಅಭ್ಯಾಸವಾಯಿತು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಮುಚ್ಚುವ ಸುದ್ದಿ ಹಬ್ಬಿದ ಮೇಲೆ, ಅದುವರೆಗೆ ಡಬ್ಬಿಯಲ್ಲಿದ್ದವನ್ನೆಲ್ಲ ಜನ ಹೊರತೆಗೆದು ನೋಡತೊಡಗಿದರು.

ಕೊನೆಗೆ ಕಾಗದಪತ್ರ. ಗ್ಯಾರಂಟಿ ಕಾರ್ಡು, ಡಬ್ಬಿ, ಅಂಗಡಿ ರಸೀದಿ, ಮದುವೆಯ ದಿನ ಅದನ್ನೇ ಕಟ್ಟಿಕೊಂಡ ಫೋಟೋ, ಯಾವುದನ್ನೂ ಎಸೆಯಬೇಡಿ. ಹಿಂಬದಿಯಲ್ಲಿ ಹೆಸರು ಕೆತ್ತಿಸಿದ್ದರೆ ಉಜ್ಜಿಸಬೇಡಿ. ಕೆಲವರಿಗೆ ಅದು ದೋಷ, ನನಗಲ್ಲ. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟ ರೋಲೆಕ್ಸ್ ಡೇಟೋನಾದ ಹಿಂದೆ 'ಗಾಡಿ ಜೋಪಾನವಾಗಿ ಓಡಿಸು, ನಾನು' ಎಂಬರ್ಥದ ಸಾಲು ಕೆತ್ತಿದೆ. ಆ ಮಾದರಿಯ ಡಯಲ್ ಹೊಸದಿದ್ದಾಗ ಯಾರಿಗೂ ಬೇಡವಾಗಿತ್ತು. ಅದಕ್ಕೇ ಕಡಿಮೆ ತಯಾರಾಯಿತು, ಅದಕ್ಕೇ ಈಗ ಅಪರೂಪ. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನ್ಯೂಮನ್ ಕಟ್ಟಿದ್ದ ಆ ಒಂದು ಗಡಿಯಾರ 1.77 ಕೋಟಿ ಡಾಲರಿಗೆ ಹೋಯಿತು. ನಮ್ಮ ಜನತಾಗೆ ಅಷ್ಟು ಬರುವುದಿಲ್ಲ, ಸಮಾಧಾನ ಮಾಡಿಕೊಳ್ಳಿ.

ಮಾರುವ ಮುನ್ನ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಪರಂಪರೆ ಕೇಂದ್ರಕ್ಕೆ ನಿಮ್ಮ ಗಡಿಯಾರದ ಫೋಟೋ ಹಿಡಿದು ಹೋಗಿ, ಅಲ್ಲಿರುವ ಮಾದರಿಗಳ ಅಕ್ಷರ, ಮುಳ್ಳುಗಳ ಜೊತೆ ಹೋಲಿಸಿ ನೋಡಿ. ನಾನೂ ಹೋಗಿದ್ದೆ. ಮಾವನ ಡಯಲ್ ಮೇಲಿನ 'ಜನತಾ' ಅಸಲಿಗಿಂತ ಒಂದು ಎಳೆ ದಪ್ಪಗಿತ್ತು. ಮಾವನಿಗೆ ಹೇಳಲಿಲ್ಲ, ಅವರು ದಿನವೂ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುತ್ತಾರೆ.