ಸಮಾರಂಭದ ಹೊಲಿಗೆ, ದಿನಬಳಕೆಯ ಉಡುಪು

ನಾನು ಹೊಲಿಗೆಯನ್ನು ವೃತ್ತಿಯಾಗಿ ಕೈಗೆತ್ತಿಕೊಂಡ ಕಾಲದಲ್ಲಿ ಸಮಾರಂಭದ ಉಡುಪಿಗೂ ದಿನಬಳಕೆಯ ಉಡುಪಿಗೂ ಸಿಗುತ್ತಿದ್ದ ಗೌರವ ಒಂದೇ ಆಗಿರಲಿಲ್ಲ. ಸಮಾರಂಭಕ್ಕೆಂದು ಹೊಲಿಸುವವರು ಒಳ್ಳೆಯ ಬಟ್ಟೆ ತರುತ್ತಿದ್ದರು, ಮೈಯಳತೆಗೆ ನಿಲ್ಲುತ್ತಿದ್ದರು, ಕಚ್ಚಾ ಹೊಲಿಗೆಯ ಹಂತದಲ್ಲಿ ಒಮ್ಮೆ ತೊಟ್ಟು ನೋಡಲು ಮತ್ತೆ ಬರುತ್ತಿದ್ದರು. ದಿನವೂ ತೊಡುವ ಅಂಗಿಗಾದರೆ ಹಳೆಯ ಅಂಗಿಯೊಂದನ್ನು ಅಳತೆಗೆ ಕೊಟ್ಟು, ಹೀಗೆಯೇ ಇರಲಿ ಎಂದು ಹೇಳಿ ಹೋಗುತ್ತಿದ್ದರು. ವರ್ಷದಲ್ಲಿ ಕೆಲವೇ ಗಂಟೆ ಮೈಮೇಲಿರುವ ಉಡುಪಿಗೆ ಅಷ್ಟು ಶ್ರದ್ಧೆ, ಬದುಕಿನ ಬಹುಪಾಲು ಮೈಗೆ ಅಂಟಿಕೊಂಡಿರುವ ಉಡುಪಿಗೆ ಇಷ್ಟು ಅವಸರ ಎಂಬುದು ನನ್ನನ್ನು ಬಹಳ ಕಾಡಿತು. ಸಮಾರಂಭದ ಉಡುಪಿಗೆ ಮೀಸಲಾಗಿದ್ದ ಕೆಲಸವನ್ನು ದಿನಬಳಕೆಯ ಬಟ್ಟೆಗೆ ತರುವುದೇ ಕ್ರಮೇಣ ನನ್ನ ವೃತ್ತಿಯ ದಾರಿಯಾಯಿತು.

ಈ ನಡುವೆ ಜನರು ಕೇಳುವ ಪ್ರಶ್ನೆಗಳೂ ಬದಲಾದವು. ಮೊದಲು ನಿಲುವುಗನ್ನಡಿಯ ಮುಂದೆ ನಿಂತು ಹೇಗೆ ಕಾಣುತ್ತದೆ ಎಂದು ಕೇಳುತ್ತಿದ್ದವರು ಈಗ ಕುಳಿತು ನೋಡುತ್ತಾರೆ, ತೋಳು ಮೇಲೆತ್ತುತ್ತಾರೆ, ಜೇಬು ಎಷ್ಟು ಆಳವಿದೆ ಎಂದು ಕೈ ಹಾಕಿ ಪರೀಕ್ಷಿಸುತ್ತಾರೆ, ಮನೆಯಲ್ಲೇ ಒಗೆಯಬಹುದೇ ಎಂದು ವಿಚಾರಿಸುತ್ತಾರೆ. ಇದನ್ನು ಶಿಸ್ತಿನ ಅವನತಿ ಎಂದು ಕೊರಗುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಂದು ಅತ್ಯಂತ ಔಪಚಾರಿಕ ಎನಿಸಿಕೊಂಡಿರುವ ಸೂಟು, ಹತ್ತೊಂಬತ್ತನೆಯ ಶತಮಾನದಲ್ಲಿ ಉದ್ದನೆಯ ಫ್ರಾಕ್ ಕೋಟಿನ ಪಕ್ಕದಲ್ಲಿ ಬಿಡುವಿನ ವೇಳೆಯ ಸಡಿಲ ಉಡುಪಾಗಿತ್ತು. ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ 1873ರಲ್ಲಿ ಪೇಟೆಂಟ್ ಪಡೆದದ್ದು ದುಡಿಯುವವರ ಪ್ಯಾಂಟಿನ ಜೇಬು ಹರಿಯದಂತೆ ತಾಮ್ರದ ರಿವೆಟ್ ಹಾಕುವ ವಿಧಾನಕ್ಕೆ; ಆ ಪ್ಯಾಂಟಿನ ವಂಶದ್ದೇ ಆದ ಜೀನ್ಸ್ ಈಗ ಎಷ್ಟೋ ಕಚೇರಿಗಳಲ್ಲಿ ಸಲ್ಲುತ್ತದೆ. ಟಿ-ಶರ್ಟ್ ಒಂದು ಕಾಲಕ್ಕೆ ಒಳಉಡುಪು. ಒಂದು ತಲೆಮಾರು ಮನೆಯೊಳಗೆ ಅಥವಾ ಕೆಲಸದ ಜಾಗದಲ್ಲಿ ತೊಟ್ಟದ್ದನ್ನು ಮುಂದಿನ ತಲೆಮಾರು ಮರ್ಯಾದೆಯ ಉಡುಪಾಗಿ ಸ್ವೀಕರಿಸಿದ ಉದಾಹರಣೆಗಳು ಉಡುಪಿನ ಚರಿತ್ರೆಯಲ್ಲಿ ಧಾರಾಳವಾಗಿವೆ.

ನನ್ನ ಆತಂಕ ಬೇರೆಯದು. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ನೂಲನ್ನು ರೂಪಿಸಿದ ನಂತರ, ಲೈಕ್ರಾ ಎಂಬ ಹೆಸರಿನಿಂದ ನಾವೆಲ್ಲ ಬಲ್ಲ ಆ ಹಿಗ್ಗುವ ಗುಣ ನಿಧಾನವಾಗಿ ನಿತ್ಯದ ಬಟ್ಟೆಗಳನ್ನೂ ಸೇರಿತು. ಬಟ್ಟೆಯನ್ನು ಮೊನಚಾಗಿ ಮಡಿಸಿ ಹೊಲಿಯುವ ಡಾರ್ಟ್ ಹಾಕಿ, ಹೊಲಿಗೆಯ ರೇಖೆಯನ್ನು ಬಳಸಿ ಮೈಯಾಕಾರಕ್ಕೆ ಕೂರಿಸುತ್ತಿದ್ದ ಕೆಲಸವನ್ನು ಈಗ ಬಟ್ಟೆಯೇ ಹಿಗ್ಗಿ ಮಾಡುತ್ತದೆ. ತೊಡಲು ಅದು ಹಿತವೇ. ಆದರೆ ಬಿಸಿಗೂ ಕ್ಲೋರಿನ್‌ಗೂ ಆ ನೂಲು ಸೊರಗುತ್ತದೆ, ಒಮ್ಮೆ ಸೊರಗಿ ಜೋತುಬಿದ್ದ ಮೇಲೆ ಸರಿಪಡಿಸುವ ಉಪಾಯ ಯಾರ ಬಳಿಯೂ ಇಲ್ಲ. ಇದರ ಜೊತೆಗೆ ಓವರ್‌ಲಾಕ್ ಯಂತ್ರ ಹೊಲಿಯುತ್ತಲೇ ಅಂಚನ್ನು ಕತ್ತರಿಸಿಹಾಕುವುದರಿಂದ, ಮೈ ತುಂಬಿಕೊಂಡಾಗ ಬಿಡಿಸಿ ಅಗಲಿಸಲು ಒಳಗೆ ಬಟ್ಟೆಯೇ ಉಳಿದಿರುವುದಿಲ್ಲ.

ಆದ್ದರಿಂದ ದಿನಬಳಕೆಯ ಉಡುಪನ್ನು ಹೊಲಿಯುವಾಗ ನಾನು ಅಳತೆಯಿಂದಲೇ ಬೇರೆ ಕ್ರಮವನ್ನು ರೂಢಿಸಿಕೊಂಡೆ. ನಿಂತಾಗಿನ ಸೊಂಟ ಮತ್ತು ಪೃಷ್ಠದ ಸುತ್ತಳತೆಯ ಜೊತೆಗೆ ಕುರ್ಚಿಯಲ್ಲಿ ಕುಳಿತಾಗಿನ ಅಳತೆಯನ್ನೂ ಬರೆದುಕೊಳ್ಳುತ್ತೇನೆ. ಎರಡರ ನಡುವಿನ ವ್ಯತ್ಯಾಸ ಕೆಲವರಲ್ಲಿ ಹಲವು ಸೆಂಟಿಮೀಟರ್ ಇರುತ್ತದೆ, ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಎರಡನೆಯದೇ ನಿಜವಾದ ಅಳತೆ. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳುತ್ತೇನೆ. ಶೇಕಡಾ 3ರಷ್ಟು ಕುಗ್ಗಿದರೂ 70 ಸೆಂಟಿಮೀಟರ್ ಉದ್ದದ ಅಂಗಿ ಎರಡು ಸೆಂಟಿಮೀಟರ್ ಗಿಡ್ಡವಾಗುತ್ತದೆಯಾದ್ದರಿಂದ ಈ ಹಂತವನ್ನು ಎಂತಹ ಅವಸರದಲ್ಲೂ ಬಿಡಲಾರೆ. ಬೆವರುವ ಕೆಲಸದವರಿಗೆ ಪಾಲಿಯೆಸ್ಟರ್ ಪ್ರಮಾಣ ಕಡಿಮೆಯಿರುವ ಬಟ್ಟೆಯನ್ನೇ ಸೂಚಿಸುತ್ತೇನೆ, ಏಕೆಂದರೆ ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯುವುದಿಲ್ಲ.

ಕಂಕುಳಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆರಾಮ ಬೇಕೆಂದವರು ಸಾಮಾನ್ಯವಾಗಿ ಕಂಕುಳನ್ನು ಸಡಿಲ ಬಿಡಿ ಎನ್ನುತ್ತಾರೆ. ಆದರೆ ಕಂಕುಳ ಸುತ್ತು ಕೆಳಕ್ಕೆ ಇಳಿದಷ್ಟೂ ತೋಳೆತ್ತಿದಾಗ ಇಡೀ ಅಂಗಿಯೇ ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಚುಚ್ಚದಷ್ಟು ಮಟ್ಟಿಗೆ ಮೇಲಕ್ಕಿರಿಸಿ ಕತ್ತರಿಸಿದ ಕಂಕುಳಿಗೆ ತುಸು ಅಗಲದ ತೋಳನ್ನು ಕೂರಿಸಿದರೆ ಕೈ ಸ್ವತಂತ್ರವಾಗಿ ಆಡುತ್ತದೆ, ಅಂಗಿ ಇದ್ದಲ್ಲಿಯೇ ಇರುತ್ತದೆ. ಒಳ್ಳೆಯ ಕೋಟು ಹೊಲಿಯುವವರಿಗೆ ಇದು ಬಹುಕಾಲದಿಂದ ತಿಳಿದ ಸಂಗತಿ. ಅದನ್ನು ಸಾಧಾರಣ ಹತ್ತಿ ಅಂಗಿಗೂ ಅನ್ವಯಿಸಿ ಕೊಟ್ಟಾಗ ತೊಟ್ಟವರ ಮುಖದಲ್ಲಿ ಕಾಣುವ ನೆಮ್ಮದಿ ಈ ವೃತ್ತಿಯಲ್ಲಿ ನನಗೆ ಸಿಕ್ಕಿರುವ ದೊಡ್ಡ ಸಂತೋಷ. ಪಕ್ಕದ ಹೊಲಿಗೆಗಳಲ್ಲಿ ಎರಡು ಸೆಂಟಿಮೀಟರ್, ಪ್ಯಾಂಟಿನ ಹಿಂಭಾಗದ ನಡುಹೊಲಿಗೆಯಲ್ಲಿ ಮೂರು ಸೆಂಟಿಮೀಟರ್ ಬಟ್ಟೆಯನ್ನು ಒಳಗೆ ಉಳಿಸುವುದನ್ನೂ ನಾನು ತಪ್ಪಿಸುವುದಿಲ್ಲ.

ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್‌ನಂತಹ ಬ್ಯಾಂಕೇ 2019ರಲ್ಲಿ ಉಡುಪಿನ ನಿಯಮವನ್ನು ಸಡಿಲಿಸಿತು. ಮರುವರ್ಷ ಸಾಂಕ್ರಾಮಿಕದ ಕಾರಣ ಕಚೇರಿಗಳೇ ಮನೆಗೆ ಬಂದವು. ಆ ಬಳಿಕ ನನ್ನಲ್ಲಿಗೆ ಹೆಚ್ಚಾಗಿ ಬರತೊಡಗಿದ್ದು ಕಪಾಟಿನಲ್ಲಿ ಮಡಿಸಿಟ್ಟಿದ್ದ ಸಮಾರಂಭದ ಉಡುಪುಗಳು, ಅವನ್ನು ದಿನವೂ ತೊಡುವಂತೆ ಮಾಡಿಕೊಡಿ ಎಂಬ ಬೇಡಿಕೆಯೊಂದಿಗೆ. ಈ ಕೆಲಸವನ್ನು ನಾನು ಮನಸಾರೆ ಒಪ್ಪಿಕೊಳ್ಳುತ್ತೇನೆ. ಮೊದಲು ಉಡುಪನ್ನು ಒಳಮಗ್ಗುಲು ತಿರುಗಿಸಿ ಎಷ್ಟು ಬಟ್ಟೆ ಉಳಿದಿದೆ ಎಂದು ನೋಡುತ್ತೇನೆ. ಭುಜದ ಪ್ಯಾಡ್ ತೆಗೆದರೆ ತೋಳಿನ ಮೇಲ್ಭಾಗ ಜೋಲುವುದರಿಂದ ಅದನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಭುಜವೇ ತೀರಾ ಅಗಲವಾಗಿದ್ದರೆ ಆ ಕೋಟನ್ನು ಹಾಗೆಯೇ ಇಟ್ಟುಕೊಳ್ಳಿ ಎಂದು ಹೇಳಿ ಹಿಂದಿರುಗಿಸುತ್ತೇನೆ. ಲೈನಿಂಗ್ ತೆಗೆದಲ್ಲಿ ಒಳಗಿನ ಅಂಚುಗಳಿಗೆಲ್ಲ ಪಟ್ಟಿ ಕೊಟ್ಟು ಹೊಲಿಯಬೇಕು, ಇಲ್ಲದಿದ್ದರೆ ಕೆಲವೇ ಒಗೆತಕ್ಕೆ ನೂಲು ಬಿಡುತ್ತದೆ. ಉದ್ದವನ್ನು ಕಡಿಮೆ ಮಾಡುವುದು ಸುಲಭ. ಬಿಡಿಸಿ ಹೆಚ್ಚಿಸಲು ಹೊರಟರೆ ಹಳೆಯ ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿರುವುದು ಎದ್ದು ಕಾಣುತ್ತದೆಯಾದ್ದರಿಂದ, ಅಂಥಲ್ಲಿ ಆ ಗೆರೆಯ ಮೇಲೆಯೇ ಒಂದು ಸಾಲು ಹೊಲಿಗೆ ಓಡಿಸಿ ಅದನ್ನು ವಿನ್ಯಾಸದ ಭಾಗವಾಗಿಸುತ್ತೇನೆ.