ಕೋಟಿನ ಹಿಂದಿನ ದಾರ: ಕ್ಯಾಂಪಸ್ ಇಂಟರ್‌ವ್ಯೂಗೆ ಬಟ್ಟೆ ಹಾಕಿಕೊಳ್ಳೋದು ಕಲಿತ ನನ್ನ ಅನುಭವ

ನನ್ನ ಮೊದಲ ಇಂಟರ್‌ವ್ಯೂ ದಿನದ ಫೋಟೋ ಈಗಲೂ ನನ್ನ ಹತ್ರ ಇದೆ. ಕಡುನೀಲಿ ಬ್ಲೇಜರ್, ಬಿಳಿ ಶರ್ಟ್, ಮೆರೂನ್ ಟೈ, ಮಿರಮಿರ ಮಿಂಚುವ ಕಪ್ಪು ಶೂ. ನೋಡಿದವರು ಪರವಾಗಿಲ್ವೇ, ಚೆನ್ನಾಗೇ ಕಾಣ್ತೀಯ ಅನ್ನುತ್ತಾರೆ. ಆದರೆ ಆ ಫೋಟೋ ತೆಗೆದದ್ದು ಮುಂದಿನಿಂದ, ನಾನು ನಿಂತಿದ್ದಾಗ. ತೊಂದರೆ ಎಲ್ಲಾ ಇದ್ದದ್ದು ಹಿಂದೆ, ಅದೂ ಕೂತಾಗ.

ಮೈಮೇಲಿದ್ದದ್ದೆಲ್ಲ ಹೊಸದು. ಅದೇ ತಪ್ಪಾಗಿದ್ದು. ಹಿಂದಿನ ದಿನ ಸಂಜೆ ಕೊಂಡು ತಂದದ್ದನ್ನು ಬೆಳಿಗ್ಗೆ ಮೊದಲ ಸಲ ಹಾಕಿಕೊಂಡು ಹೊರಟಿದ್ದೆ. ಪ್ಯಾಕೆಟ್‌ನಿಂದ ತೆಗೆದ ಶರ್ಟಿನ ಮಡಿಕೆಗಳು ಎದೆ ಮೇಲೆ ಚೌಕ ಚೌಕವಾಗಿ ಎದ್ದು ಕಾಣುತ್ತಿದ್ದವು, ಬ್ಲೇಜರ್ ಮುಚ್ಚುತ್ತೆ ಬಿಡು ಅಂದುಕೊಂಡೆ. ಮೇಲಿನ ಗುಂಡಿ ಹಾಕಿದರೆ ಯಾರೋ ಕತ್ತು ಹಿಡಿದ ಹಾಗೆ ಆಗುತ್ತಿತ್ತು. ಸೆಮಿನಾರ್ ಹಾಲ್ ತಲುಪುವಷ್ಟರಲ್ಲಿ ಎಡಗಾಲಿನ ಹಿಮ್ಮಡಿಗೆ ಶೂ ಕಚ್ಚೋಕೆ ಶುರುವಾಗಿತ್ತು.

ಸಾಲಿನಲ್ಲಿ ಕಾಯುತ್ತಾ ನಿಂತಿದ್ದಾಗ ಹಿಂದಿದ್ದ ಕ್ಲಾಸ್‌ಮೇಟ್ ಭುಜ ತಟ್ಟಿದ. "ಲೋ, ನಿನ್ನ ಕೋಟಿನ ಹಿಂದೆ ಗುಣಾಕಾರದ ಗುರುತಿನ ಥರ ದಾರ ಇದೆಯಲ್ಲೋ, ಅದು ಡಿಸೈನಾ?"

ಡಿಸೈನ್ ಅಲ್ಲ. ಬ್ಲೇಜರ್‌ಗೆ ಹಿಂಭಾಗದಲ್ಲಿ, ಕೆಳಗಡೆ, ಸೀಳು ಇರುತ್ತಲ್ಲ, ಸಾಗಿಸುವಾಗ ಅದು ಮಡಚಿಕೊಂಡು ಆಕಾರ ಕೆಡದಿರಲಿ ಅಂತ ಹೊಲಿಯುವ ಕಡೆಯೇ ಸಡಿಲವಾಗಿ ಒಂದು ಹೊಲಿಗೆ ಹಾಕಿ ಕಳಿಸುತ್ತಾರೆ. ಕೊಂಡವರು ಅದನ್ನು ಕತ್ತರಿಸಿ ತೆಗೆಯಬೇಕು. ತೋಳಿನ ತುದಿಯಲ್ಲಿ ಬ್ರ್ಯಾಂಡ್ ಹೆಸರಿನ ಪಟ್ಟಿ ಹೊಲಿದಿದ್ದರೆ ಅದೂ ತೆಗೆಯೋಕೇ ಇರೋದು. ಹೊರಗಿನ ಜೇಬುಗಳೂ ಎಷ್ಟೋ ಸಲ ಬಾಯಿ ಹೊಲಿದುಕೊಂಡೇ ಬರುತ್ತವೆ. ಇದ್ಯಾವುದೂ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಅಲ್ಲಿ ಯಾರ ಹತ್ತಿರವೂ ಕತ್ತರಿ ಇರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಕಿತ್ತುಬಿಡ್ಲಾ ಅಂದ ಅವನು. ಕಾರಿಡಾರ್‌ನಲ್ಲಿ ಆ ದೃಶ್ಯ ಬೇಡ ಮಾರಾಯ ಅಂದೆ, ಅಷ್ಟರಲ್ಲಿ ನನ್ನ ಹೆಸರು ಕರೆದರು.

ಒಳಗೆ ಹೋಗಿ ಕೂತೆ. ಗುಂಡಿ ಬಿಚ್ಚದೆ ಕೂತೆ. ಸೀಳು ಹೊಲಿದುಕೊಂಡಿದೆ, ಮುಂದೆ ಗುಂಡಿ ಹಾಕಿದೆ, ಬ್ಲೇಜರ್‌ಗೆ ಹೋಗೋಕೆ ಜಾಗ ಎಲ್ಲಿದೆ, ಅದು ಪೂರ್ತಿ ಮೇಲಕ್ಕೆ ಎದ್ದು ಕಿವಿಯ ಹತ್ತಿರ ಬಂತು. ಆಮೆ ಥರ ಕೂತಿದ್ದೆ. ಪ್ರಾಜೆಕ್ಟ್ ಬಗ್ಗೆ ಹೇಳಿ ಅಂದರೆ ಒಂದು ಕೈ ಕಾಲರ್ ಮೇಲೆ, ಇನ್ನೊಂದು ಕೈ ಬ್ಲೇಜರ್ ಕೆಳಗೆ ಎಳೆಯುತ್ತಿದೆ. ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡೆ. ಕೆಲಸ ಸಿಗಲಿಲ್ಲ. ಬಟ್ಟೆಯಿಂದ ಹೋಯಿತು ಅಂತ ಹೇಳಲ್ಲ, ಓದಿದ್ದೂ ಅಷ್ಟಕ್ಕಷ್ಟೇ ಇತ್ತು. ಆದರೆ ಗೊತ್ತಿದ್ದ ಉತ್ತರಗಳೂ ಬಾಯಿಗೆ ಬರಲಿಲ್ಲ, ಯಾಕೆಂದರೆ ಅರ್ಧ ತಲೆ ಬಟ್ಟೆಯ ಮೇಲೇ ಇತ್ತು.

ಅಲ್ಲಿಂದ ನಾನು ಒಂದೇ ನಿಯಮ ಇಟ್ಟುಕೊಂಡೆ: ಇಂಟರ್‌ವ್ಯೂ ದಿನ ಮೊದಲ ಸಲ ಮೈಗೆ ತಾಗುವ ವಸ್ತು ಒಂದೂ ಇರಬಾರದು. ಬನಿಯನ್ ಕೂಡ.

ಮುಂದಿನ ಕಂಪನಿ ಬರೋಕೆ ಸುಮಾರು ಹತ್ತು ದಿನ ಇತ್ತು. ಮೊದಲು ಶರ್ಟ್ ಒಗೆದೆ. ಹೊಸ ಶರ್ಟಿನಲ್ಲಿ ಗಂಜಿ ಹಾಕಿದ ಹಾಗೆ ಒಂದು ಬಿರುಸು ಇರುತ್ತೆ, ಒಂದು ಸಲ ಒಗೆದರೆ ಅದು ಹೋಗಿ ಬಟ್ಟೆ ಮೈಗೆ ಕೂರುತ್ತೆ. ಹತ್ತಿ ಬಟ್ಟೆ ಸ್ವಲ್ಪ ಕುಗ್ಗಲೂಬಹುದು, ಅದು ಮೊದಲೇ ಗೊತ್ತಾಗೋದು ಒಳ್ಳೆಯದು ಅಲ್ವಾ. ಒಣಗಿದ ಮೇಲೆ ಹಾಕಿಕೊಂಡು ಮೇಲಿನ ಗುಂಡಿ ಹಾಕಿ ಕಾಲರ್ ಒಳಗೆ ಎರಡು ಬೆರಳು ತೂರಿಸಿ ನೋಡಿದೆ. ಎರಡು ಬೆರಳು ಆರಾಮಾಗಿ ಹೋಗಬೇಕು. ನನ್ನದರಲ್ಲಿ ಒಂದೇ ಕಷ್ಟಪಟ್ಟು ಹೋಯಿತು. ಅಂಗಡಿಯಲ್ಲಿ ಎದೆ ಅಳತೆ ಮಾತ್ರ ನೋಡಿ ಕೊಂಡಿದ್ದೆ, ಕುತ್ತಿಗೆ ಅಳತೆ ಅಂತ ಒಂದಿದೆ ಅನ್ನೋದೇ ತಲೆಗೆ ಬಂದಿರಲಿಲ್ಲ. ಒಗೆದ ಮೇಲೆ ವಾಪಸ್ ಕೊಡುವ ಹಾಗಿಲ್ಲ. ಟೈಲರ್ ಮೇಲಿನ ಗುಂಡಿಯನ್ನು ಅರ್ಧ ಇಂಚು ಆಚೆ ಸರಿಸಿ ಹೊಲಿದುಕೊಟ್ಟ. ಟೈ ಗಂಟಿನ ಕೆಳಗೆ ಅದು ಕಾಣುವುದೇ ಇಲ್ಲ.

ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಇರಬೇಕು. ಕೆಳಗೆ ಇಳಿದಿದ್ದರೆ ಅಣ್ಣನ ಶರ್ಟ್ ಹಾಕಿಕೊಂಡು ಬಂದ ಹಾಗೆ ಕಾಣುತ್ತೆ, ಇದನ್ನು ಟೈಲರ್ ಕೂಡ ಸುಲಭವಾಗಿ ಸರಿ ಮಾಡಲಾರ. ತೋಳಿನ ಉದ್ದ, ಪ್ಯಾಂಟಿನ ಉದ್ದ, ಸೊಂಟ ಇವೆಲ್ಲ ಆಮೇಲೂ ಸರಿಯಾಗುತ್ತವೆ. ಹಾಗಾಗಿ ಕೊಳ್ಳುವಾಗ ಭುಜ ನೋಡಿ, ಉಳಿದದ್ದು ಆಮೇಲೆ. ಪ್ಯಾಂಟಿನ ಉದ್ದ ಅಳೆಸೋಕೆ ಹೋಗುವಾಗ ಆವತ್ತು ಹಾಕುವ ಶೂನೇ ಹಾಕಿಕೊಂಡು ಹೋಗಿ. ಚಪ್ಪಲಿಯಲ್ಲಿ ಅಳೆಸಿದ ನನ್ನ ಪ್ಯಾಂಟ್ ಶೂ ಹಾಕಿದಾಗ ಕಣಕಾಲು ತೋರಿಸುತ್ತಿತ್ತು.

ಆಮೇಲೆ ರಿಹರ್ಸಲ್. ಎಲ್ಲಾ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲೋದಲ್ಲ, ಕುರ್ಚಿ ಎಳೆದುಕೊಂಡು ಕೂರೋದು. ಇಂಟರ್‌ವ್ಯೂನಲ್ಲಿ ನಿಮ್ಮನ್ನು ನೋಡುವುದೇ ಕೂತಾಗ. ಕೂತ ತಕ್ಷಣ ಹೊಟ್ಟೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಆ ಶರ್ಟ್ ಬಿಗಿ. ಪ್ಯಾಂಟ್ ಮೇಲೇರಿ ಸಾಕ್ಸ್ ಮತ್ತು ಪ್ಯಾಂಟಿನ ನಡುವೆ ಕಾಲು ಕಂಡರೆ ಉದ್ದದ ಸಾಕ್ಸ್ ಬೇಕು, ಮೀನಖಂಡದ ಅರ್ಧದವರೆಗೆ ಬರುವಂಥದ್ದು, ಪ್ಯಾಂಟಿನ ಬಣ್ಣಕ್ಕೆ ಹತ್ತಿರದ್ದು. ಎರಡೂ ಕೈ ಮೇಲೆತ್ತಿ ಬೋರ್ಡ್ ಮೇಲೆ ಬರೆಯುವ ಹಾಗೆ ಮಾಡಿ ನೋಡಿ. ಎಷ್ಟೋ ಟೆಕ್ನಿಕಲ್ ರೌಂಡ್‌ಗಳಲ್ಲಿ ಬೋರ್ಡ್ ಹತ್ತಿರ ಕರೆಯುತ್ತಾರೆ, ಶರ್ಟ್ ಗಿಡ್ಡ ಇದ್ದರೆ ಪ್ಯಾಂಟಿನಿಂದ ಹೊರಗೆ ಬರುತ್ತೆ. ನಾನು ಹತ್ತು ನಿಮಿಷ ಹಾಗೇ ಕೂತು ನನ್ನ ಪ್ರಾಜೆಕ್ಟ್ ಗೋಡೆಗೆ ವಿವರಿಸಿದೆ. ರೂಮ್‌ಮೇಟ್ ನಕ್ಕ. ನಗಲಿ.

ಬ್ಲೇಜರ್‌ಗೆ ಎರಡು ಗುಂಡಿ ಇದ್ದರೆ ನಿಂತಾಗ ಮೇಲಿನದು ಮಾತ್ರ ಹಾಕೋದು, ಕೆಳಗಿನದು ಯಾವತ್ತೂ ಇಲ್ಲ. ಕೂರುವಾಗ ಬಿಚ್ಚೋದು, ಏಳುವಾಗ ಹಾಕೋದು. ಇದನ್ನೂ ಇಪ್ಪತ್ತು ಸಲ ಮಾಡಿದೆ, ಕೈಗೆ ಅಭ್ಯಾಸ ಆಗಲಿ ಅಂತ. ಟೈ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು, ಅದಕ್ಕಿಂತ ಮೇಲೆ ನಿಂತರೆ ಸ್ಕೂಲ್ ಯೂನಿಫಾರ್ಮ್ ನೆನಪಾಗುತ್ತೆ. ಬೆಲ್ಟ್ ಮತ್ತು ಶೂ ಒಂದೇ ಬಣ್ಣದಲ್ಲಿರಲಿ. ಇಷ್ಟು ಸಾಕು ಇದರ ಬಗ್ಗೆ.

ಇಸ್ತ್ರಿ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕೆಂದರೆ ದುಬಾರಿ ಶರ್ಟ್ ಸುಕ್ಕಾಗಿದ್ದರೆ ಸಾಧಾರಣವಾಗಿ ಕಾಣುತ್ತೆ, ಸಾಧಾರಣ ಶರ್ಟ್ ಚೆನ್ನಾಗಿ ಇಸ್ತ್ರಿಯಾಗಿದ್ದರೆ ಯಾರಿಗೂ ಗೊತ್ತಾಗಲ್ಲ. ಶರ್ಟ್ ಪೂರ್ತಿ ಒಣಗುವ ಮುಂಚೆ, ಸ್ವಲ್ಪ ಹಸಿ ಇರುವಾಗಲೇ ಮಾಡಬೇಕು, ಇಲ್ಲಾಂದ್ರೆ ನೀರು ಚಿಮುಕಿಸಿಕೊಳ್ಳಿ. ಮೊದಲು ಕಾಲರ್, ಎರಡು ತುದಿಗಳಿಂದ ನಡುವಿಗೆ. ನಡುವಿನಿಂದ ತುದಿಗೆ ತಳ್ಳಿದರೆ ಬಟ್ಟೆ ತುದಿಯಲ್ಲಿ ಗುಂಪಾಗಿ ಸಣ್ಣ ನಿರಿಗೆ ಕೂರುತ್ತೆ, ಅದು ಸರಿಯಾಗಿ ನಿಮ್ಮ ಮುಖದ ಕೆಳಗೇ ಇರುತ್ತೆ. ಆಮೇಲೆ ಭುಜ, ಮಣಿಕಟ್ಟು, ತೋಳು, ಕೊನೆಗೆ ಮೈ. ಇಸ್ತ್ರಿ ಮಾಡಿದ ತಕ್ಷಣ ಹಾಕಿಕೊಳ್ಳಬೇಡಿ, ಬಿಸಿ ಇರುವಾಗ ಮೈಮೇಲೆ ಹಾಕಿದರೆ ಹೊಸ ಸುಕ್ಕು ಬೇಗ ಕೂರುತ್ತೆ. ಹ್ಯಾಂಗರ್‌ಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ನಾನು ರಾತ್ರಿಯೇ ಮುಗಿಸಿ ಬಾಗಿಲಿನ ಮೊಳೆಗೆ ನೇತು ಹಾಕಿ ಮಲಗುತ್ತಿದ್ದೆ. ಪೂರ್ತಿ ಹತ್ತಿಯದು ಮಧ್ಯಾಹ್ನದ ಹೊತ್ತಿಗೆ ಸುಕ್ಕಾಗುತ್ತೆ, ಪಾಲಿಯೆಸ್ಟರ್ ಸೇರಿದ್ದು ಅಷ್ಟು ಸುಕ್ಕಾಗಲ್ಲ ಆದರೆ ಸೆಕೆ. ನಿಮ್ಮ ಸರದಿ ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದರ ಮೇಲೆ ಯೋಚಿಸಿ.

ಬೆವರುವವರಿಗೆ ಒಂದು ಮಾತು, ನಾನೂ ಅದೇ ಪೈಕಿ. ತಿಳಿನೀಲಿ ಮತ್ತು ಬೂದು ಬಣ್ಣದಲ್ಲಿ ಒದ್ದೆ ಚೆನ್ನಾಗಿ ಎದ್ದು ಕಾಣುತ್ತೆ. ಬಿಳಿಯಲ್ಲಿ ಅಷ್ಟು ಕಾಣಲ್ಲ. ಬಿಳಿ ಶರ್ಟ್ ಒಳಗೆ ಬಿಳಿ ಬನಿಯನ್ ಹಾಕಿದರೆ ಅದರ ಗೆರೆ ಕಾಣುತ್ತೆ, ಮೈಬಣ್ಣಕ್ಕೆ ಹತ್ತಿರದ್ದು ಹಾಕಿದರೆ ಕಾಣಲ್ಲ. ಸೆಂಟ್ ಹೊಡೆಯಬೇಡಿ. ಬಾಗಿಲು ಮುಚ್ಚಿದ ಸಣ್ಣ ರೂಮಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದರೆ ಏನಾಗುತ್ತೆ ಅಂತ ಮೇಜಿನ ಆಚೆ ಕೂತವರಿಗೇ ಗೊತ್ತು.

ಶೂ ಬಗ್ಗೆ ಹೇಳಬೇಕಂದ್ರೆ, ದಿನಾ ಒಂದು ಗಂಟೆ ರೂಮಿನಲ್ಲೇ ಅದೇ ಸಾಕ್ಸ್ ಜೊತೆ ಹಾಕಿಕೊಂಡು ಓಡಾಡಿದೆ. ಒಂದು ವಾರದಲ್ಲಿ ಕಚ್ಚೋದು ನಿಂತಿತು.

ಇನ್ನು ಪ್ರೆಸೆಂಟೇಶನ್. ಕಂಪನಿಯವರು ಬಂದು ತಮ್ಮ ಬಗ್ಗೆ ಹೇಳುವ ಆ ಕಾರ್ಯಕ್ರಮಕ್ಕೆ ನಾವು ಸುಮ್ನೆ ಕೇಳೋಕೆ ಹೋಗೋದು, ಏನು ಹಾಕಿದರೂ ನಡೆಯುತ್ತೆ ಅಂದುಕೊಂಡು ಒಮ್ಮೆ ಮಾಸಿದ ಟೀ ಶರ್ಟ್, ಚಪ್ಪಲಿಯಲ್ಲಿ ಹೋಗಿದ್ದೆ. ಮಾತು ಮುಗಿದ ಮೇಲೆ ಅವರು ಬಾಗಿಲ ಹತ್ತಿರವೇ ನಿಂತು ಹುಡುಗರ ಜೊತೆ ಮಾತಾಡೋಕೆ ಶುರು ಮಾಡಿದರು. ಕೇಳೋಕೆ ನನ್ನ ಹತ್ತಿರ ಒಳ್ಳೆಯ ಪ್ರಶ್ನೆ ಇತ್ತು, ಆದರೂ ಹಿಂಬಾಗಿಲಿನಿಂದ ಜಾರಿಕೊಂಡೆ. ಹಾಗಂತ ಅದಕ್ಕೆ ಸೂಟು ಬೂಟೂ ಬೇಡ. ಕಾಲರ್ ಇರುವ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟ್, ಮುಚ್ಚಿದ ಶೂ ಇದ್ದರೆ ಸಾಕು. ಇನ್ನೊಂದು ಲಾಭ ಇದೆ: ಬಂದವರು ಏನು ಹಾಕಿದ್ದಾರೆ ಅಂತ ಅಲ್ಲೇ ನೋಡಿಕೊಳ್ಳಬಹುದು. ಇಂಟರ್‌ವ್ಯೂಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿರಿ. ಅವರು ಟೀ ಶರ್ಟಿನಲ್ಲಿ ಬಂದಿದ್ದರೆ ನಿಮಗೆ ಇಸ್ತ್ರಿ ಶರ್ಟ್ ಸಾಕು. ಅವರು ಬ್ಲೇಜರ್‌ನಲ್ಲಿದ್ದರೆ ನೀವೂ ಬ್ಲೇಜರ್. ಕಾಲೇಜಿನಿಂದ ಡ್ರೆಸ್ ಕೋಡ್ ಬಂದಿದ್ದರೆ ಈ ಲೆಕ್ಕಾಚಾರ ಎಲ್ಲಾ ಬಿಟ್ಟು ಅದನ್ನೇ ಪಾಲಿಸಿ.

ಹುಡುಗಿಯರ ಕಷ್ಟ ನನಗೆ ಗೊತ್ತಿಲ್ಲದ್ದು, ನನ್ನ ಗೆಳತಿ ಹೇಳಿದ್ದನ್ನೇ ಹೇಳ್ತೀನಿ. ಅವಳ ಪ್ಯಾಂಟಿಗೆ ಜೇಬೇ ಇರಲಿಲ್ಲ, ಫೋನ್, ಪೆನ್, ಐಡಿ ಕಾರ್ಡ್, ಫೈಲ್ ಎಲ್ಲಾ ಕೈಯಲ್ಲೇ, ಕೈ ಕುಲುಕೋಕೆ ಕೈ ಚಾಚಿದರೆ ಖಾಲಿ ಕೈ ಇಲ್ಲ. ಮುಂದಿನ ಸಲ ಹೆಗಲಿಗೆ ಹಾಕುವ ಬ್ಯಾಗ್ ತಂದಳು. ಮುಂದಕ್ಕೆ ಬಗ್ಗಿ ಸಹಿ ಹಾಕಿ ನೋಡು, ಬಟ್ಟೆಯ ಕುತ್ತಿಗೆ ಎಷ್ಟು ಇಳಿಯುತ್ತೆ ಅಂತ ಆಗಲೇ ಗೊತ್ತಾಗೋದು ಅಂತ ಜೂನಿಯರ್‌ಗಳಿಗೆ ಹೇಳುತ್ತಿದ್ದಳು. ಟಕ್ ಟಕ್ ಅನ್ನುವ ಹೀಲ್ಸ್ ಉದ್ದ ಕಾರಿಡಾರ್‌ನಲ್ಲಿ ಅವಳಿಗೇ ಕಿರಿಕಿರಿಯಾಗಿತ್ತಂತೆ.

ವಿಡಿಯೋದಲ್ಲಿ ಇಂಟರ್‌ವ್ಯೂ ಇದ್ದರೆ ಸಣ್ಣ ಸಣ್ಣ ಗೆರೆ ಅಥವಾ ಚೌಕಳಿ ಶರ್ಟ್ ಬೇಡ, ಕ್ಯಾಮೆರಾದಲ್ಲಿ ಅದು ಅಲೆ ಅಲೆಯಾಗಿ ಕುಣಿಯುತ್ತೆ. ಗೋಡೆಯ ಬಣ್ಣದ ಶರ್ಟೂ ಬೇಡ, ತಲೆ ಮಾತ್ರ ತೇಲಿದ ಹಾಗೆ ಕಾಣುತ್ತೆ. ಮತ್ತೆ ದಯವಿಟ್ಟು ಪ್ಯಾಂಟ್ ಹಾಕಿ. ಚಾರ್ಜರ್ ತರೋಕೆ ಎದ್ದೇ ಏಳ್ತೀರಿ.

ಎರಡನೇ ಇಂಟರ್‌ವ್ಯೂಗೆ ಅದೇ ಬ್ಲೇಜರ್, ಅದೇ ಶರ್ಟ್, ಅದೇ ಶೂ ಹಾಕಿಕೊಂಡು ಹೋದೆ. ಬಟ್ಟೆಯ ನೆನಪು ಬಂದದ್ದು ಹೊರಗೆ ಬಂದು ಟೈ ಸಡಿಲ ಮಾಡುವಾಗ. ಕೆಲಸ ಸಿಕ್ಕಿತು. ಬ್ಯಾಗಿನಲ್ಲಿ ಒಂದು ಪೌಚ್ ಇಟ್ಟುಕೊಳ್ಳೋದು ಆಗ ಶುರುವಾದದ್ದು: ಸೂಜಿ, ಬಿಳಿ ದಾರ, ಕಪ್ಪು ದಾರ, ಎರಡು ಗುಂಡಿ, ಬ್ಯಾಂಡ್‌ಏಡ್, ನೇಲ್ ಕಟರ್.

ಕೆಲವು ವರ್ಷ ಆದ ಮೇಲೆ ಆಫೀಸಿನಿಂದ ನನ್ನನ್ನೇ ಒಂದು ಕಾಲೇಜಿಗೆ ಇಂಟರ್‌ವ್ಯೂ ಮಾಡೋಕೆ ಕಳಿಸಿದರು. ಅಂಕ ಹಾಕುವ ಹಾಳೆಯಲ್ಲಿ ಬಟ್ಟೆಗೆ ಅಂತ ಕಾಲಂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಎಷ್ಟೋ ಜನ ಬಂದು ಹೋದರು, ಯಾರ ಟೈ ಯಾವ ಬಣ್ಣ ಅಂತ ಒಂದೂ ನೆನಪಿಲ್ಲ. ನೆನಪಿರೋದು ಕಾಲರ್ ಎಳೆಯುತ್ತಿದ್ದವನು, ಕೂತಲ್ಲೇ ಶೂನಿಂದ ಹಿಮ್ಮಡಿ ಹೊರಗೆ ತೆಗೆದು ಮತ್ತೆ ಒಳಗೆ ಹಾಕುತ್ತಿದ್ದವನು. ಸಂಜೆ ಹೊತ್ತಿಗೆ ಒಬ್ಬ ಹುಡುಗ ಬಂದ. ಚೆನ್ನಾಗಿ ಮಾತಾಡಿದ, ಮುಂದಿನ ರೌಂಡ್‌ಗೆ ಪಕ್ಕದ ರೂಮಿಗೆ ಹೋಗಿ ಅಂದೆ. ಥ್ಯಾಂಕ್ಸ್ ಹೇಳಿ ಬಾಗಿಲ ಕಡೆ ತಿರುಗಿದ. ಕೋಟಿನ ಹಿಂದೆ, ಸೀಳಿನ ಮೇಲೆ, ಬಿಳಿ ದಾರದ ಗುಣಾಕಾರ.

"ಒಂದು ನಿಮಿಷ, ಹಾಗೇ ನಿಂತಿರಿ" ಅಂದು ಬ್ಯಾಗಿನಿಂದ ನೇಲ್ ಕಟರ್ ತೆಗೆದೆ. ಅವನು ಕುತ್ತಿಗೆ ತಿರುಗಿಸಿ ನೋಡೋಕೆ ಒದ್ದಾಡಿದ.

"ಅದನ್ನ ತೆಗೀಬೇಕಾ ಸರ್? ನಾನು ಡಿಸೈನ್ ಅಂದ್ಕೊಂಡಿದ್ದೆ."